‘ಆರ್ಚರ್ಸ್ ಗೂನ್’ ಓದ್ತಾ ಇದೀನಿ, ಏಳು ಜನ ಒಡಹುಟ್ಟಿದವರ ಲೆಕ್ಕ ತಪ್ಪಿಹೋಗ್ತಿದೆ

ಕಾಗದದ ದೋಣಿ:

ಡಯಾನಾ ವಿನ್ ಜೋನ್ಸ್ ಅವರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಮುಗಿಸಿ ‘ಆರ್ಚರ್ಸ್ ಗೂನ್’ ಹಿಡಿದಿದ್ದೇನೆ. ಮೊದಲ ಅಧ್ಯಾಯಕ್ಕೇ ಬಿದ್ದುಹೋದೆ. ಶಾಲೆ ಮುಗಿಸಿ ಬಂದ ಹೊವರ್ಡ್‌ಗೆ ಅಡುಗೆಮನೆ ತುಂಬ ಕೂತ ಒಬ್ಬ ದೈತ್ಯ ಕಾಣಿಸ್ತಾನೆ. ಹೆಸರಲ್ಲಿರೋ ‘ಗೂನ್’, ಅಂದ್ರೆ ಗೂಂಡಾ, ಇವನೇ. ಮೈ ಬೆಟ್ಟದಷ್ಟು, ತಲೆ ಮಾತ್ರ ಪುಟ್ಟದು, ಕೈಯಲ್ಲಿ ಉಗುರು ಕೆರೆದುಕೊಳ್ಳೋಕೆ ಚಾಕು. ಅಪ್ಪ ಎರಡು ಸಾವಿರ ಬಾಕಿ ಇಟ್ಟಿದ್ದಾರಂತೆ, ವಸೂಲಿಗೆ ಬಂದಿದ್ದಾನೆ. ನೋಡಿದ್ರೆ ಬಾಕಿ ಇರೋದು ದುಡ್ಡಲ್ಲ, ಅಪ್ಪ ಬರೆದುಕೊಡಬೇಕಾದ ಪದಗಳು!

ಅಲ್ಲಿಂದ ಮುಂದೆ ಊರನ್ನು ಹಂಚಿಕೊಂಡಿರೋ ಮಂತ್ರವಾದಿ ಒಡಹುಟ್ಟಿದವರು ಒಬ್ಬೊಬ್ಬರೇ ಬರ್ತಾರೆ, ಯಾರ ಕೈಯಲ್ಲಿ ಏನಿದೆ ಅನ್ನೋದು ಕಲಸುಮೇಲೋಗರ. ಅರ್ಧದಲ್ಲಿದ್ದೇನೆ, ಕೊನೆ ಹೇಳಬೇಡಿ. ಇದರ ಬಿಬಿಸಿ ಧಾರಾವಾಹಿ ಈಗಲೇ ನೋಡಬಹುದಾ? ಹನ್ನೊಂದು ವರ್ಷದ ಮಗಳಿಗೆ ಓದಿ ಹೇಳಬಹುದಾ? ಇಷ್ಟು ಮಜವಾದ ಪುಸ್ತಕದ ಸುದ್ದಿಯೇ ಯಾರೂ ಎತ್ತಲ್ವಲ್ಲ, ಯಾಕೆ?

ಅಂಚಿನ ಟಿಪ್ಪಣಿ:

ಹೆಸರು ಹಿಡಿದು ನೆನಪಿಟ್ಟುಕೊಳ್ಳೋಕೆ ಹೋದ್ರೆ ಎಲ್ಲರಿಗೂ ತಪ್ಪುತ್ತೆ. ಯಾರು ಯಾವ ಕಾಟ ಕೊಡ್ತಾರೆ ಅನ್ನೋದನ್ನ ಹಿಡೀರಿ. ಅಪ್ಪ ಕ್ವೆಂಟಿನ್ ಇನ್ನು ಬರೆಯಲ್ಲ ಅಂತ ಹಟ ಹಿಡಿದ ಮೇಲೆ ಒಬ್ಬೊಬ್ಬರೂ ತಮ್ಮ ಕೈಯಲ್ಲಿರೋದನ್ನೇ ಆ ಮನೆ ಮೇಲೆ ಬಿಡ್ತಾರೆ. ಕರೆಂಟು, ಗ್ಯಾಸು ಹೋಯ್ತಾ? ಆರ್ಚರ್. ದುಡ್ಡು, ಬ್ಯಾಂಕೂ ಅವನದೇ. ಮನೆ ಮುಂದಿನ ರಸ್ತೆ ಅಗೆದು ಮುಚ್ಚಿ ಮತ್ತೆ ಅಗೆದರಾ? ಹ್ಯಾಥವೇ. ಸಾರಿಗೆ ಮತ್ತು ಹಳೇ ದಾಖಲೆಗಳು ಅವನ ಪಾಲು, ಅವನು ವಾಸ ಮಾಡೋದೂ ನಾನೂರು ವರ್ಷ ಹಿಂದೆ. ಕಿವಿ ಹರಿಯೋ ಹಾಗೆ ವಾದ್ಯ ಬಡಿದರೆ, ಅಂಗಡಿಯವರು ಸಾಮಾನು ಕೊಡದಿದ್ದರೆ ಅದು ಟಾರ್ಕ್ವಿಲ್. ಪುಂಡ ಹುಡುಗರು ದಾರಿಗೆ ಅಡ್ಡ ನಿಂತರೆ ಶೈನ್, ಊರಿನ ಅಪರಾಧವೆಲ್ಲ ಅವಳದು. ಪೊಲೀಸು, ಕಾನೂನು ಡಿಲಿಯನ್‌ದು. ಏಳು ಜನರಲ್ಲಿ ಅವಳೇ ನಯವಾಗಿ ಮಾತಾಡೋದು, ನಂಬಿದ್ರೋ ಕೆಟ್ಟಿರಿ. ನೀರು, ಚರಂಡಿ ಅರ್ಸ್ಕಿನ್‌ಗೆ. ಕಿರಿಯವನು ವೆಂಚುರಸ್, ಅವನಿರೋದು ಭವಿಷ್ಯದಲ್ಲಿ, ಶಿಕ್ಷಣ ಅವನ ಪಾಲಿಗೆ.

ವಯಸ್ಸಿನ ಕ್ರಮ: ಆರ್ಚರ್, ಶೈನ್, ಡಿಲಿಯನ್, ಹ್ಯಾಥವೇ, ಟಾರ್ಕ್ವಿಲ್, ಅರ್ಸ್ಕಿನ್, ವೆಂಚುರಸ್. ಇದನ್ನೊಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಮೇಲಿನ ಮೂವರು, ಕೆಳಗಿನ ನಾಲ್ವರು ಅಂತ ನಡುವೆ ಒಂದು ಗೆರೆ ಎಳೀರಿ, ಆಮೇಲೆ ಬೇಕಾಗುತ್ತೆ.

ಓದೋರು ಎಡವೋದು ಎಲ್ಲಿ ಅಂದ್ರೆ, ‘ಪದಗಳು ಯಾರಿಗೆ ಹೋಗ್ತಿದ್ವು’ ಅನ್ನೋ ಒಂದೇ ಪ್ರಶ್ನೆ ಹಿಡ್ಕೊಂಡು ಊಟದ ಮೇಜಿನ ಜಗಳ, ತಂಗಿ ‘ಆಫುಲ್’ ಕಿರುಚಾಟ, ಮನೆಯಲ್ಲಿದ್ದು ಮಕ್ಕಳನ್ನ ನೋಡ್ಕೊಳ್ಳೋ ಫಿಫಿಯ ಪ್ರೇಮಪ್ರಸಂಗ ಎಲ್ಲಾ ಹಾರಿಸಿಬಿಡ್ತಾರೆ. ಲೇಖಕಿ ಸುಳಿವು ಬಚ್ಚಿಟ್ಟಿರೋದೇ ಅಲ್ಲಿ.

ಹಳೇ ಮುಖಪುಟ:

ಧಾರಾವಾಹಿ ಪುಸ್ತಕ ಮುಗಿಯೋವರೆಗೆ ಬೇಡ. 1992ರದ್ದು, ಆರು ಕಂತು. ಕೆಟ್ಟದ್ದು ಅಂತ ಹೇಳ್ತಿಲ್ಲ. ಈ ಕಥೆ ನಿಂತಿರೋದು ಯಾರು ಯಾರು ಅನ್ನೋ ಗುಟ್ಟಿನ ಮೇಲೆ, ತೆರೆ ಮೇಲೆ ಒಂದು ಮುಖ ಕಣ್ಣಿಗೆ ಬಿದ್ದ ಮೇಲೆ ಪುಟದಲ್ಲಿ ನಿಮ್ಮದೇ ಊಹೆಗೆ ಜಾಗ ಇರಲ್ಲ. ವಿಕಿಪೀಡಿಯ ಪುಟವನ್ನೂ ತೆಗೀಬೇಡಿ.

ಸುದ್ದಿ ಯಾಕಿಲ್ಲ ಅಂದ್ರಿ. ಪುಸ್ತಕ ಬಂದದ್ದು 1984ರಲ್ಲಿ, ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಇತ್ತು. ಆದ್ರೆ ಇದು ಯಾವ ಸರಣಿಗೂ ಸೇರಿಲ್ಲ. ಇದೇ ಲೇಖಕಿಯ ಕ್ರೆಸ್ಟೊಮ್ಯಾನ್ಸಿ ಸರಣಿಯ ಪುಸ್ತಕಗಳು ಒಂದನ್ನೊಂದು ಕೈಹಿಡಿದು ಅಂಗಡಿಯಲ್ಲಿ ಉಳ್ಕೊಳ್ತವೆ, ಒಂಟಿ ಪುಸ್ತಕಕ್ಕೆ ಆ ಆಸರೆ ಇಲ್ಲ. 1986ರಲ್ಲಿ ‘ಹೌಲ್’ ಬಂತು, 2004ರಲ್ಲಿ ಜಪಾನಿನ ಮಿಯಾಝಾಕಿ ಅದನ್ನ ಅನಿಮೇಷನ್ ಸಿನಿಮಾ ಮಾಡಿದ್ರು, ಬೆಳಕೆಲ್ಲ ಆ ಕಡೆ ಹೋಯ್ತು. ಜೊತೆಗೆ ಇಲ್ಲಿ ಕಾಡಿಲ್ಲ, ಕೋಟೆಯಿಲ್ಲ. ಇಂಗ್ಲೆಂಡಿನ ಒಂದು ಸಾಧಾರಣ ಊರು, ಅದರ ಟೌನ್‌ಹಾಲು, ಚರಂಡಿ ನೀರಿನ ಘಟಕ. ಫ್ಯಾಂಟಸಿ ಬೇಕು ಅನ್ನೋರಿಗೆ ಮುಖಪುಟ ನೋಡಿದ್ರೆ ಇದು ಅದಲ್ಲ ಅನ್ಸುತ್ತೆ.

ಸಂಜೆ ಓದು:

ಮಗಳಿಗೆ ಧಾರಾಳವಾಗಿ ಓದಿ ಹೇಳಿ. ಬೆದರಿಕೆ ಇದೆ, ರಕ್ತಪಾತ ಇಲ್ಲ. ಮೂರು ವಿಷಯ ಮೊದಲೇ ಹೇಳಿಬಿಟ್ಟರೆ ನಡುವೆ ನಿಲ್ಲಿಸೋದು ತಪ್ಪುತ್ತೆ. ‘ಪಾಲಿ’ ಅಂದ್ರೆ ಅಪ್ಪ ಪಾಠ ಮಾಡೋ ಪಾಲಿಟೆಕ್ನಿಕ್ ಕಾಲೇಜು. ಟೌನ್‌ಹಾಲ್ ಅಂದ್ರೆ ನಮ್ಮ ನಗರಸಭೆ ಕಚೇರಿ ಇದ್ದ ಹಾಗೆ. ಬರಹ ಒಪ್ಪಿಸಬೇಕಾದ್ದು ಮೂರು ತಿಂಗಳಿಗೊಮ್ಮೆ. ಈ ಲೆಕ್ಕ ಮಗಳ ಕೈಲೇ ಹಾಕಿಸಿ: ಸಲಕ್ಕೆ 2000 ಪದ, ವರ್ಷಕ್ಕೆ 8000, ಹದಿಮೂರು ವರ್ಷಕ್ಕೆ 1,04,000. ಒಂದು ದಪ್ಪ ಕಾದಂಬರಿಯಷ್ಟು ಬರಹ, ಯಾರಿಗೆ ಅಂತ ಗೊತ್ತಿಲ್ಲದೆ. ಆಗ ಕ್ವೆಂಟಿನ್ ಯಾಕೆ ರೇಗ್ತಾನೆ ಅನ್ನೋದು ತಾನಾಗಿ ಅರ್ಥವಾಗುತ್ತೆ.

‘ಬರೆದುಕೊಟ್ಟು ಕಳಿಸಬಾರದಾ, ಮನೆಯವರೆಲ್ಲ ಯಾಕೆ ಚಳೀಲಿ ನಡುಗಬೇಕು?’ ಅಂತ ಮಕ್ಕಳು ಕೇಳೇ ಕೇಳ್ತಾರೆ. ಉತ್ತರ ಹೇಳೋಕೆ ಹೋಗಬೇಡಿ. ಅಮ್ಮ ಕ್ಯಾಟ್ರಿಯೋನಾ ಕೇಳೋದೂ ಅದನ್ನೇ, ಆ ಗಂಡ ಹೆಂಡತಿ ಜಗಳದಲ್ಲಿ ಇಬ್ಬರ ಮಾತಲ್ಲೂ ಹುರುಳಿದೆ. ಗೂನ್‌ನ ಮಾತು ಓದೋವಾಗ ಗಂಟಲು ಹರಿದುಕೊಂಡು ಅಬ್ಬರಿಸಬೇಡಿ. ತುಂಡು ಮಾತು, ನಿಧಾನ, ಸ್ವಲ್ಪ ಪೆದ್ದುಪೆದ್ದು. ಅಬ್ಬರಿಸಿದ್ರೆ ಮುಂದೆ ಅವನ ನಾಚಿಕೆ ಬರೋ ಕಡೆ ಹೊಂದಲ್ಲ.

ಮೂಲೆಮನೆ:

*ಕಾಗದದ ದೋಣಿಯವರೇ, ನೀವು ಇಲ್ಲಿಗೇ ನಿಲ್ಲಿಸಿ. ಮುಂದೆ ಕೊನೆಯ ಗುಟ್ಟಿದೆ. ಮುಗಿಸಿದೋರಿಗೆ ಮಾತ್ರ.*

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು’ ಅನ್ನೋ ಗಾದೆಯನ್ನ ಈಕೆ ಬುಡಮೇಲು ಮಾಡಿದ್ದಾರೆ. ವೆಂಚುರಸ್ ಬೇರೆ ಯಾರೂ ಅಲ್ಲ, ಹೊವರ್ಡೇ. ದಾಯಾದಿಯಾಗಿ ಬೆಳೆದವನು ಮತ್ತೆ ಕೂಸಾಗಿ, ಸಾಕುಮಗನಾಗಿ, ಒಬ್ಬ ತುಂಟಿ ತಂಗಿಗೆ ಅಣ್ಣನಾಗಿ ಬೆಳೀತಾನೆ. ಅದೂ ಎರಡು ಸಲ. ಒಡಹುಟ್ಟಿದವರು ಊರು ದಾಟೋಕಾಗದೆ ಸಿಕ್ಕಿಹಾಕಿಕೊಂಡ 26 ವರ್ಷ ಅಂದ್ರೆ ಹದಿಮೂರರ ಎರಡು ಸುತ್ತು. ಎರಡನೇ ಓದಿಗೆ ಕೂರೋವಾಗ ಪೆನ್ಸಿಲ್ ಹಿಡೀರಿ: ಹೊವರ್ಡ್ ಸದಾ ಬಿಡಿಸೋ ಬಾಹ್ಯಾಕಾಶ ನೌಕೆ, ಹ್ಯಾಥವೇ ಭೇಟಿಯಲ್ಲಿ ಹೊರಬೀಳೋ ದತ್ತು ವಿಷಯ, ಅವನ ವಯಸ್ಸಿಗೂ ಅಪ್ಪನ ಬರಹದ ವರ್ಷಗಳಿಗೂ ಇರೋ ತಾಳೆ. ಗೂನ್ ವಿಷಯಕ್ಕೆ ಬಂದ್ರೆ ಪುಸ್ತಕದ ಹೆಸರೇ ದಾರಿ ತಪ್ಪಿಸುತ್ತೆ. ಅವನು ಆರ್ಚರ್‌ನ ಆಳಲ್ಲ, ಅರ್ಸ್ಕಿನ್. ಹೆಸರು ರಕ್ಷಾಪುಟದ ಮೇಲೇ ಇದ್ದರೆ ಯಾರು ತಾನೇ ಅನುಮಾನ ಪಡ್ತಾರೆ!

ನನ್ನ ತಕರಾರು ಕೊನೆಯ ಭಾಗದ್ದು. ಕಾಲದ ಸುತ್ತಿನ ವಿವರಣೆಯನ್ನೆಲ್ಲ ಕೆಲವೇ ಪುಟಕ್ಕೆ ತುರುಕಿದ್ದಾರೆ, ಮೊದಲ ಓದಿಗೆ ಉಸಿರು ಕಟ್ಟುತ್ತೆ.

ಅಂಚಿನ ಟಿಪ್ಪಣಿ:

@ಮೂಲೆಮನೆ, *(ಇದೂ ಗುಟ್ಟೇ)* ಅವಸರ ಅನ್ನೋದು ಒಪ್ಪುತ್ತೇನೆ, ಆದ್ರೆ ಅಲ್ಲಿ ಅದು ಹೊಂದುತ್ತೆ ಅಂತ ನನ್ನ ಲೆಕ್ಕ. ತಾನು ಯಾರು ಅಂತ ಹೊವರ್ಡ್‌ಗೆ ಗೊತ್ತಾದ ಮೇಲೆ ಕೂತು ಯೋಚಿಸೋಕೆ ಪುರಸೊತ್ತಿಲ್ಲ, ಮೂವರು ದೊಡ್ಡವರನ್ನ ನೌಕೆಗೆ ಹತ್ತಿಸಿ ಊರಿಂದಾಚೆ ಅಟ್ಟಬೇಕು. ನನಗೆ ಅದಕ್ಕಿಂತ ದೊಡ್ಡದು ಆಮೇಲಿನ ಸಣ್ಣ ನಿರ್ಧಾರ. ಆಫುಲ್‌ಳಲ್ಲಿ ಶೈನ್, ಡಿಲಿಯನ್‌ರ ಲಕ್ಷಣ ಅವನಿಗೆ ಕಾಣುತ್ತೆ, ತಾನೂ ಹಾಗೇ ಕೆಟ್ಟಿದ್ದು ಅಂತ ಗೊತ್ತಾಗುತ್ತೆ. ಮ್ಯಾಜಿಕ್‌ನಿಂದ ಅದು ಸರಿಹೋಗಲ್ಲ, ದಿನಾ ತಂಗಿ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಚೀಟಿಯಲ್ಲಿ ಗೆರೆ ಎಳೀರಿ ಅಂದದ್ದು ಇದಕ್ಕೇ. ಮೇಲಿನ ಮೂವರನ್ನ ತಿದ್ದೋಕೆ ಹೊತ್ತು ಮೀರಿತ್ತು.

ಕಾಗದದ ದೋಣಿ:

ಎಚ್ಚರಿಕೆ ಕಂಡಲ್ಲೇ ನಿಲ್ಲಿಸಿದೆ. ಚೀಟಿ ಬರೆದಾಯ್ತು. ಇದಾದ ಮೇಲೆ ಯಾವುದು ಓದಲಿ, ಮನೆಮಂದಿ ಜಗಳವೂ ಇರಬೇಕು?

ಹಳೇ ಮುಖಪುಟ:

ಮಗಳ ಜೊತೆಗಾದ್ರೆ ‘ದಿ ಮ್ಯಾಜಿಶಿಯನ್ಸ್ ಆಫ್ ಕಪ್ರೋನಾ’, 1980. ಇಟಲಿಯಂಥ ಊರಲ್ಲಿ ಮಂತ್ರ ಕಟ್ಟೋದನ್ನೇ ಕಸುಬು ಮಾಡ್ಕೊಂಡ ಎರಡು ದೊಡ್ಡ ಮನೆತನ, ಮೊಂಟಾನಾ ಮತ್ತು ಪೆಟ್ರೋಕಿ, ಮುಖ ಕೊಟ್ಟು ಮಾತಾಡಲ್ಲ. ಇದು ಕ್ರೆಸ್ಟೊಮ್ಯಾನ್ಸಿ ಸರಣಿಯದ್ದೇ, ಆದ್ರೆ ಉಳಿದವು ಓದದೇ ಇದ್ರೂ ನಡೆಯುತ್ತೆ. ಗೊಂಬೆಯಾಟದ ಪ್ರಸಂಗ ಸ್ವಲ್ಪ ಕ್ರೂರ, ಮಲಗೋ ಹೊತ್ತಿಗೆ ಬೇಡ.

ನಿಮಗೊಬ್ಬರಿಗೇ ಅಂದ್ರೆ ‘ದಿ ಟೈಮ್ ಆಫ್ ದಿ ಘೋಸ್ಟ್’, 1981. ಶಾಲೆ ನಡೆಸೋ ಗಡಿಬಿಡಿಯಲ್ಲಿ ಅಪ್ಪ ಅಮ್ಮ ಮರೆತೇಬಿಟ್ಟ ನಾಲ್ವರು ಹೆಣ್ಣುಮಕ್ಕಳು. ಲೇಖಕಿಯ ತಂದೆ ತಾಯಿ ಇಂಗ್ಲೆಂಡಿನ ಥ್ಯಾಕ್ಸ್‌ಟೆಡ್‌ನಲ್ಲಿ ಶಿಕ್ಷಣ ಸಮ್ಮೇಳನ ಕೇಂದ್ರ ನಡೆಸ್ತಿದ್ರು, ಮೂವರು ಅಕ್ಕತಂಗಿಯರು ತಮ್ಮ ಪಾಡಿಗೆ ತಾವು ಬೆಳೆದ್ರು. ಅದು ಗೊತ್ತಿದ್ದು ಓದಿದ್ರೆ ನಗು ಬರೋ ಪುಟಗಳೂ ಚುಚ್ಚುತ್ತವೆ. ಮಗಳಿಗೆ ಇದನ್ನ ಇನ್ನೆರಡು ವರ್ಷ ಬಿಟ್ಟು ಕೊಡಿ.