ಎಲ್ಲ ಕಡೆಗೂ ‘ತರ್ಕಬದ್ಧಗೊಳಿಸು’ ಸಾಕಾ?

ದುರ್ಗದ ಹುಡುಗಿ: ಚಿತ್ರದುರ್ಗದಲ್ಲಿ ಬಿ.ಎ. ಮಕ್ಕಳಿಗೆ ಮನಃಶಾಸ್ತ್ರದ ನೋಟ್ಸ್ ಕನ್ನಡಕ್ಕೆ ತರ್ತಿದೀನಿ. ‘ರ್ಯಾಷನಲೈಸ್’ ಮಾಡೋದಕ್ಕೆ ‘ತರ್ಕಬದ್ಧಗೊಳಿಸು’ ಹಾಕೋಣ ಅಂದ್ರೆ ಸಹೋದ್ಯೋಗಿಯೊಬ್ಬರು ಬೇಡವೇ ಬೇಡ ಅಂತಾರೆ. ನೀವೇನಂತೀರಿ?

ಮಂಡಿಪೇಟೆ: ಯಾಕೆ ಬೇಡ ಮೇಡಂ? 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗಲೂ ‘ದರ ರ್ಯಾಷನಲೈಸ್ ಮಾಡೋದು’ ಅಂತ ಇದೇ ಪದ ಬಂತು. ಬೆಣ್ಣೆ, ತುಪ್ಪದ ಮೇಲಿದ್ದ ಶೇ 12 ಈಗ ಶೇ 5. ಗೊಂದಲ ಇದ್ದಲ್ಲಿ ಕ್ರಮ ತರೋದು, ಅಷ್ಟೇ.

ಗಣಿತದ ಮೇಷ್ಟ್ರು: ಅಣ್ಣಾ, ನಮ್ಮ ಹೈಸ್ಕೂಲ್ ಲೆಕ್ಕದಲ್ಲಿ ಇದೇ ಪದಕ್ಕೆ ‘ಅಕರಣೀಕರಣ’ ಅಂತೀವಿ. ಛೇದದಲ್ಲಿರೋ ಕರಣಿ, ಅಂದ್ರೆ √2ರಂಥ ಪೂರ್ತಿ ಬಿಡಿಸಲಾಗದ ಮೂಲ, ತೆಗೆಯೋದು. 1/√2 ಇದ್ರೆ ಮೇಲೂ ಕೆಳಗೂ √2ರಿಂದ ಗುಣಿಸಿ √2/2 ಮಾಡ್ತೀವಿ. √2 ಅಂದ್ರೆ ಸುಮಾರು 1.414. 1ನ್ನು 1.414ರಿಂದ ಕೈಯಲ್ಲಿ ಭಾಗಿಸಿ ನೋಡಿ, ಬೆವರು ಬರುತ್ತೆ. 1.414ನ್ನು 2ರಿಂದ ಭಾಗಿಸೋಕೆ ಬಾಯಿಲೆಕ್ಕ ಸಾಕು, 0.707. ಬೆಲೆ ಅದೇ, ರೂಪ ಬೇರೆ. ಇಲ್ಲಿ ‘ತರ್ಕಬದ್ಧ’ ಅಂದ್ರೆ ಮಕ್ಕಳಿಗೆ ಏನೂ ತಿಳಿಯಲ್ಲ.

ಮಿಲ್ ಮನೆಯವ: ದಾವಣಗೆರೆಯ ಕಾಟನ್ ಮಿಲ್ಲಿನ ಅನ್ನ ತಿಂದು ಬೆಳೆದವನು ನಾನು, ಈ ಪದ ಕಂಡ್ರೆ ಹೊಟ್ಟೆ ಉರಿಯುತ್ತೆ. ಗಿರಣಿ ಭಾಷೆಯಲ್ಲಿ ರ್ಯಾಷನಲೈಸೇಶನ್ ಅಂದ್ರೆ ಎರಡು ಮಗ್ಗ ನೋಡ್ಕೊಳ್ಳೋನಿಗೆ ಮೂರು ಮಗ್ಗ ಕೊಟ್ಟು ಉಳಿದವರನ್ನ ಮನೆಗೆ ಕಳಿಸೋದು. 1928ರಲ್ಲಿ ಮುಂಬೈ, 1955ರಲ್ಲಿ ಕಾನ್ಪುರ, ಎರಡು ಕಡೆನೂ ಕಾರ್ಮಿಕರು ಇದರ ವಿರುದ್ಧ ಮುಷ್ಕರ ಹೂಡಿದ್ರು. ಅದನ್ನ ‘ತರ್ಕಬದ್ಧಗೊಳಿಸೋದು’ ಅಂತ ಬರೆದ್ರೆ, ಎದುರು ನಿಂತವರಿಗೆ ತರ್ಕವೇ ಇರಲಿಲ್ಲ ಅಂದಂಗಾಗುತ್ತೆ. ಆಳು ಕಡಿತ ಅಂತ ನೇರವಾಗಿ ಬರೀರಿ.

ಮಂಡಿಪೇಟೆ: ಆ ನೋವು ಒಪ್ಪಿದೆ. ಆದ್ರೆ ಒಂದೊಂದು ಕಡೆಗೆ ಒಂದೊಂದು ಪದ ಮಾಡಿದ್ರೆ, ಮಕ್ಕಳು ಇಂಗ್ಲಿಷ್ ಪುಸ್ತಕ ಹಿಡಿದಾಗ ತಾಳೆ ಹಾಕೋದು ಹೇಗೆ?

ದುರ್ಗದ ಹುಡುಗಿ: ಇಂಗ್ಲಿಷ್ ಪದ ಪಕ್ಕದಲ್ಲೇ ಬರೀತೀನಿ ಸರ್. ಮನಃಶಾಸ್ತ್ರಕ್ಕೆ ಈ ಪದ ತಂದದ್ದು ಬ್ರಿಟನ್ನಿನ ಮನೋವಿಶ್ಲೇಷಕ ಅರ್ನೆಸ್ಟ್ ಜೋನ್ಸ್, 1908ರಲ್ಲಿ. ಮಾಡೋದು ಮಾಡಿಬಿಟ್ಟು, ನಿಜವಾದ ಕಾರಣ ತನಗೂ ಕಾಣದಂಗೆ ಒಪ್ಪುವಂಥ ಇನ್ನೊಂದು ಕಾರಣ ಹುಡುಕಿ ಅದನ್ನೇ ನಂಬೋದು. ಸೀಟು ಸಿಗದ ಹುಡುಗ ‘ಆ ಕೋರ್ಸ್ ನನಗೆ ಬೇಕಾಗಿರಲೇ ಇಲ್ಲ’ ಅಂತಾನಲ್ಲ, ಹಾಗೆ. ‘ಸಬೂಬು ಹೇಳು’ ಆಗಲ್ಲ, ಸಬೂಬು ಹೇಳೋನಿಗೆ ಅದು ಸುಳ್ಳು ಅಂತ ಗೊತ್ತಿರುತ್ತೆ. ‘ಸಮರ್ಥಿಸಿಕೊಳ್ಳು’ ಹತ್ತಿರ ಅನ್ಸುತ್ತೆ.

ಕೋರ್ಟ್ ರಸ್ತೆ: ಅಕ್ಕಾ, ಕಟಕಟೆಯಲ್ಲಿ ನಿಂತ ನಿರಪರಾಧಿಯೂ ತನ್ನನ್ನು ಸಮರ್ಥಿಸಿಕೊಳ್ತಾನೆ. ಅವನ ಕಾರಣ ನಿಜದ್ದು. ನೀವು ಹೇಳೋದಕ್ಕೆ ಹಿಂದೆ ‘ಅರಿವಿಲ್ಲದೆ’ ಅಂತ ಸೇರಿಸಲೇಬೇಕು.

ದುರ್ಗದ ಹುಡುಗಿ: ಸೇರಿಸ್ತೀನಿ. ‘ಅರಿವಿಲ್ಲದೆ ಸಮರ್ಥಿಸಿಕೊಳ್ಳುವುದು’. ಉದ್ದ ಆಯ್ತು, ಆಗಲಿ.