ಹಳೇ ಮಾನಿಟರ್ ಕೊಳ್ಳೋ ಮುಂಚೆ ಪಿಕ್ಸೆಲ್ ದೋಷ ನೋಡೋದು ಹೇಗೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಬಳಸಿದ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ ಪರದೆ) ಮಾನಿಟರ್ ಒಂದು ಮಾರಾಟಕ್ಕಿದೆ. ತೀರ್ಥಹಳ್ಳಿಗೆ ತಗೊಂಡು ಹೋದಮೇಲೆ ವಾಪಸ್ ಇಲ್ಲ ಅಂತಿದಾರೆ. ಬಿಳಿ ಪರದೆ ಹಾಕಿ ನೋಡಿದ್ರೆ ಸಾಕಾ ಸರ್?

ಉತ್ತರ: ಸಾಲಲ್ಲ. ಪಿಕ್ಸೆಲ್ ಅಂದ್ರೆ ಪರದೇಲಿ ಚಿತ್ರ ಮೂಡಿಸೋ ಸಣ್ಣ ಚುಕ್ಕೆ. ಒಂದೊಂದು ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ. ಕೆಂಪು ಭಾಗ ಆರದೇ ಉರೀತಾನೇ ಇದ್ರೆ ಬಿಳಿ ಪರದೇಲಿ ಗೊತ್ತೇ ಆಗಲ್ಲ, ಬಿಳಿ ಬರಕ್ಕೆ ಅದು ಹೇಗೂ ಉರೀಬೇಕು. ಕಪ್ಪು ಪರದೆ ಹಾಕಿ, ಎದ್ದು ಕಾಣುತ್ತೆ. ಅದೇ ಭಾಗ ಸತ್ತಿದ್ರೆ ಉಲ್ಟಾ: ಕಪ್ಪಲ್ಲಿ ಏನೂ ಇಲ್ಲ, ಕೆಂಪಲ್ಲಿ ಕಪ್ಪು ಚುಕ್ಕೆ, ಬಿಳಿಯಲ್ಲಿ ಹಸಿರು-ನೀಲಿ ಬೆರೆತ ಚುಕ್ಕೆ. ಹಂಗಾಗಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಐದೂ ಬೇಕು.

ಮನೇಲೇ ಕಂಪ್ಯೂಟರ್‌ನ ಪೇಂಟ್ ಆ್ಯಪ್‌ನಲ್ಲಿ ಫುಲ್ ಎಚ್‌ಡಿ ಅಂದ್ರೆ 1920×1080 ಅಳತೆಯ ಐದು ಚಿತ್ರ, ಬಣ್ಣಕ್ಕೊಂದರಂತೆ, ಮಾಡಿ, ಪಿಎನ್‌ಜಿ ಆಗಿ ಪೆನ್‌ಡ್ರೈವ್‌ಗೆ ಹಾಕ್ಕೊಳಿ. ಅಂಗಡೀಲಿ ಮೊದಲು ಪರದೆ ಒರೆಸಿಸಿ, ಧೂಳು ಭಾರಿ ಮೋಸ ಮಾಡುತ್ತೆ. ರೆಸಲ್ಯೂಷನ್ 1920×1080, ಬ್ರೈಟ್‌ನೆಸ್ ಪೂರ್ತಿ. ಚಿತ್ರಗಳನ್ನ ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ, ಒಂದಡಿ ದೂರದಿಂದ ಪಟ್ಟಿ ಪಟ್ಟಿಯಾಗಿ ನೋಡ್ತಾ ಬನ್ನಿ. ಒಂದು ಪಿಕ್ಸೆಲ್ ಸುಮಾರು 0.28 ಮಿ.ಮೀ. ಅಷ್ಟೆ, ದೂರ ನಿಂತ್ರೆ ಸಿಗಲ್ಲ. ಕಪ್ಪು ಪರದೆಗೆ ಲೈಟ್ ಆರಿಸಕ್ಕೆ ಹೇಳಿ. ಅಂಚಲ್ಲಿ ಮಬ್ಬು ಬೆಳಕು ಸೋರಿದ್ರೆ ಅದು ಬ್ಯಾಕ್‌ಲೈಟ್ (ಪರದೆ ಹಿಂದಿನ ದೀಪ), ಪಿಕ್ಸೆಲ್ ದೋಷ ಅಲ್ಲ. ಮೇಲಿಂದ ಕೆಳಗೆ ಪೂರ್ತಿ ಗೆರೆ ಇದ್ರೆ ಅರ್ಧ ಬೆಲೆಗೂ ಬೇಡ.

ಪ್ರಶ್ನೆ: ಸತ್ತ ಪಿಕ್ಸೆಲ್ ಒಂದೇ ಒಂದಿದ್ರೆ?

ಉತ್ತರ: ಪರದೇಲಿ ಇರೋದು 20 ಲಕ್ಷದ ಮೇಲೆ. ಪರದೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9241-307ರ ಎರಡನೇ ದರ್ಜೇಲಿ 10 ಲಕ್ಷಕ್ಕೆ ಪೂರ್ತಿ ಸತ್ತಿದ್ದು 2 ಇದ್ರೂ ನಡೆಯುತ್ತೆ. ಮೂಲೇಲಿ ಕಪ್ಪು ಚುಕ್ಕೆ ಇದ್ರೆ ಬೆಲೆ ಇಳಿಸಿ ತಗೊಳಿ. ನಡುವೆ ಉರಿಯೋ ಚುಕ್ಕೆ ಇದ್ರೆ ಬಿಡಿ, ರಾತ್ರಿ ಸಿನಿಮಾ ನೋಡುವಾಗ ಕಣ್ಣು ಅಲ್ಲಿಗೇ ಹೋಗುತ್ತೆ. ಬಣ್ಣ ಪಟಪಟ ಬದಲಾಯಿಸೋ ಆ್ಯಪ್‌ಗಳಿಂದ ಉರಿಯೋದು ಕೆಲವೊಮ್ಮೆ ಸರಿಯಾಗುತ್ತೆ, ಆದರೆ ಅದನ್ನ ನಂಬಿ ದುಡ್ಡು ಕೊಡಬೇಡಿ. ಸತ್ತಿದ್ದಕ್ಕೆ ಅದೂ ಇಲ್ಲ.

ಇನ್ನೊಬ್ಬರು: ನಮ್ಮನೆ ಮಾನಿಟರ್‌ನಲ್ಲಿ ಮಳೆ ಹಿಡಿದಮೇಲೆ ಒಂದು ಕಪ್ಪು ಚುಕ್ಕೆ. ಬೆಳಿಗ್ಗೆ ಮೇಲಿತ್ತು, ಈಗ ಕೆಳಗಿದೆ!

ಉತ್ತರ: ಪಿಕ್ಸೆಲ್ ನಡೆಯಲ್ಲ ಮಾರಾಯ್ರೆ, ಅದು ಹುಳ. ಬೆಳಕಿಗೆ ಬಂದು ಸಂದಿಯಿಂದ ಪ್ಯಾನೆಲ್ ಹಿಂದಿನ ಹಾಳೆಗಳ ಮಧ್ಯೆ ಸೇರ್ಕೊಂಡಿದೆ. ಬೆರಳಲ್ಲಿ ಒತ್ತಲೇಬೇಡಿ. ಅಲ್ಲೇ ಅಪ್ಪಚ್ಚಿಯಾದ್ರೆ ಪ್ಯಾನೆಲ್ ಬಿಚ್ಚದೇ ಹೋಗಲ್ಲ. ಮಾನಿಟರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಪರದೆ ಅಂಚಿನ ಹತ್ರ ಒಂದು ಸಣ್ಣ ಟಾರ್ಚ್ ಹಚ್ಚಿಡಿ. ಜೀವ ಇದ್ರೆ ಬೆಳಕಿನ ಕಡೆ ಬರಬಹುದು.