ಪಾರ್ಕಿಂಗ್ ಜಗಳ: ಭಾನುವಾರ ಸಂಜೆ ವಕೀಲರನ್ನು ಕೇಳಿ

ಗುಂಪಿನ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಈ ವಾರ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಬಗ್ಗೆಯೇ ಇವೆ. ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಇಂಥ ಕೇಸು ನಡೆಸುವ ವಕೀಲೆಯೊಬ್ಬರು ನಮ್ಮ ಗುಂಪಿನಲ್ಲೇ ಇದ್ದಾರೆ. ಸಂಜೆ 5ರಿಂದ ಉತ್ತರ ಕೊಡುತ್ತಾರೆ. ಕಟ್ಟಡದ ಹೆಸರು, ಕಾರಿನ ನಂಬರ್, ಫೋಟೋ ಹಾಕಬೇಡಿ.

ಜೆ.ಪಿ. ನಗರ 2ನೇ ಮಹಡಿ: ಮೇಡಂ, ನನ್ನ ಜಾಗದಲ್ಲಿ ಎದುರು ಫ್ಲ್ಯಾಟಿನವರು ತಮ್ಮ ಎರಡನೇ ಕಾರು ನಿಲ್ಲಿಸುತ್ತಾರೆ. ಕೇಳಿದರೆ "ಐದೇ ನಿಮಿಷ ಸರ್" ಅಂತಾರೆ. ಬೆಳಿಗ್ಗೆ ಏಳಕ್ಕೆ ನೋಡಿದರೂ ಅಲ್ಲೇ ಇರುತ್ತದೆ. ನಾನು ರಸ್ತೆಯಲ್ಲಿ ನಿಲ್ಲಿಸಿ ಬರಬೇಕು. ಟ್ರಾಫಿಕ್ ಪೊಲೀಸರಿಗೆ ಹೇಳಿ ಎತ್ತಿಸಬಹುದಾ?

ವಕೀಲೆ: ಎತ್ತಿಸಲು ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ವಾಹನ ಎತ್ತಿಸುವ ಅಧಿಕಾರ ಇರುವುದು ಸಾರ್ವಜನಿಕ ಸ್ಥಳಕ್ಕೆ. ಜನರಿಗೆ ಹೋಗಿಬರುವ ಹಕ್ಕು ಇರುವ ಜಾಗ ಅಂತ ಅದರ ಅರ್ಥ. ನಿಮ್ಮ ಬೇಸ್‌ಮೆಂಟ್ ಹಾಗಲ್ಲ. ಅದಕ್ಕೇ ಟ್ರಾಫಿಕ್‌ನವರು ಗೇಟಿನ ಒಳಗೆ ಬರುವುದಿಲ್ಲ. ನೀವು ಮೊದಲು ಮಾಡಬೇಕಾದ ಕೆಲಸ ಬೇರೆ. ನಿಮ್ಮ ಕ್ರಯಪತ್ರ ತೆಗೆದು ನೋಡಿ. ಪಾರ್ಕಿಂಗ್ ಜಾಗದ ನಂಬರ್ ಅದರಲ್ಲಿ ಇದೆಯಾ, ಬಿಲ್ಡರ್ ಕೊಟ್ಟ ಹಂಚಿಕೆ ಪತ್ರದಲ್ಲಿ ಮಾತ್ರ ಇದೆಯಾ, ಅಥವಾ ಗೋಡೆ ಮೇಲೆ ಬಣ್ಣದಲ್ಲಿ ಬರೆದದ್ದು ಬಿಟ್ಟರೆ ಏನೂ ಇಲ್ಲವಾ? ಅದು ಗೊತ್ತಾದ ಮೇಲೆ ಅಸೋಸಿಯೇಷನ್‌ಗೆ ದಿನಾಂಕ ಹಾಕಿ ಲಿಖಿತ ದೂರು ಕೊಡಿ. ಬಾಯಿ ಮಾತಿನ ದೂರು ಮುಂದೆ ಕೋರ್ಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ನೀಲಿ ಸ್ಕೂಟಿ: ನನಗೆ ಬಂದ ಒಂದು ಫಾರ್ವರ್ಡ್ ಹಾಕ್ತಿದೀನಿ, ನಿಜಾನಾ ಹೇಳಿ. "ಸುಪ್ರೀಂ ಕೋರ್ಟ್ ಆದೇಶ: ನಿಮ್ಮ ಜಾಗದಲ್ಲಿ ಬೇರೆಯವರ ಕಾರು ಇದ್ದರೆ ನಾಲ್ಕೂ ಚಕ್ರದ ಗಾಳಿ ಬಿಡುವ ಹಕ್ಕು ನಿಮಗಿದೆ, ಯಾರೂ ಕೇಸು ಹಾಕುವಂತಿಲ್ಲ. ಎಲ್ಲರಿಗೂ ಕಳಿಸಿ."

ವಕೀಲೆ: ಸುಳ್ಳು. ಅಂಥ ಹಕ್ಕು ಯಾರಿಗೂ ಇಲ್ಲ. ಯಾರಿಗೂ ಕಳಿಸಬೇಡಿ. ಟೈರ್ ಚುಚ್ಚುವುದು, ಕೀಲಿಯಿಂದ ಗೀರುವುದು, ಸೈಲೆನ್ಸರ್‌ಗೆ ಆಲೂಗಡ್ಡೆ ತುರುಕುವುದು, ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್‌ಗೆ ಸಿಗುವ ಕೆಲಸಗಳು. ನಷ್ಟ 20 ಸಾವಿರ ರೂಪಾಯಿ ದಾಟಿದರೆ 2 ವರ್ಷದವರೆಗೆ ಶಿಕ್ಷೆ ಆಗಬಹುದು. ಈಗಿನ ಕಾರಿನ ಒಂದು ಬಾಗಿಲಿಗೆ ಬಣ್ಣ ಹೊಡೆಸಿ, ಎರಡು ಟೈರ್ ಬದಲಿಸಿದರೆ ಆ ಮೊತ್ತ ಸುಲಭವಾಗಿ ಆಗುತ್ತದೆ. ತಪ್ಪು ಅವರದ್ದೇ ಆಗಿದ್ದರೂ ಠಾಣೆಯಲ್ಲಿ ಆರೋಪಿಯಾಗಿ ಕೂರುವವರು ನೀವು.

ಕೆಂಗೇರಿ ನಿವಾಸಿ: ನಮ್ಮ ಜಾಗದಲ್ಲಿ ಬೇರೆಯವರು ಕಾರು ನಿಲ್ಲಿಸುತ್ತಾರೆ. ಏನು ಮಾಡಬೇಕು?

ವಕೀಲೆ: ಮೊದಲನೇ ಉತ್ತರ ನೋಡಿ.

ಯಲಹಂಕ ಮಗಳು: ಮೇಡಂ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಹೋದ ಮಂಗಳವಾರ ರಾತ್ರಿ 1.40ಕ್ಕೆ ಅಪ್ಪನಿಗೆ ಎದೆ ನೋವು ಬಂತು. 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬೇಗನೇ ಬಂತು. ಆದರೆ ಗೇಟಿನ ಒಳಗೆ ವಾಹನ ಹೋಗಿಬರುವ ಓಡುದಾರಿಯ ಎರಡೂ ಬದಿ ಕಾರು ನಿಂತಿತ್ತು. ಎಡಗಡೆ ನಮ್ಮ ಬ್ಲಾಕಿನವರದ್ದು, ದಿನಾ ಅಲ್ಲೇ ನಿಲ್ಲುವ ಕಾರು. ಬಲಗಡೆ ಯಾರದೋ ಮನೆಗೆ ಬಂದ ಅತಿಥಿಗಳದ್ದು. ಡ್ರೈವರ್ ಕನ್ನಡಿ ಮಡಚಿ ನೋಡಿದರು, ಆಗಲಿಲ್ಲ. ಸ್ಟ್ರೆಚರ್ ಅನ್ನು ಗೇಟಿನಿಂದ ಸಿ ಬ್ಲಾಕಿನವರೆಗೆ ತಳ್ಳಿಕೊಂಡು ಬಂದರು. ಇಂಟರ್‌ಲಾಕ್ ಕಲ್ಲಿನ ಮೇಲೆ ಅದರ ಚಕ್ರ ಸಿಕ್ಕಿಕೊಳ್ಳುತ್ತಿತ್ತು. ವಾಪಸ್ ಹೋಗುವಾಗ ಅಪ್ಪ ಅದರ ಮೇಲಿದ್ದರು. ನಾನು ಡ್ರಿಪ್ ಬಾಟಲಿ ಹಿಡಿದುಕೊಂಡು ಓಡಿದೆ. ಅಪ್ಪ ಈಗ ಮನೆಯಲ್ಲಿದ್ದಾರೆ, ಸ್ಟೆಂಟ್ ಹಾಕಿದ್ದಾರೆ. ಆ ಎಡಗಡೆಯ ಕಾರು ನಿನ್ನೆ ರಾತ್ರಿಯೂ ಅಲ್ಲೇ ನಿಂತಿತ್ತು. ಹೇಳಿದರೆ "ನನಗೆ ಬೇಸ್‌ಮೆಂಟಿನಲ್ಲಿ ಜಾಗ ಕಿರಿದು, ತಿರುಗಿಸೋಕೆ ಆಗಲ್ಲ" ಅಂತಾರೆ. ಅಸೋಸಿಯೇಷನ್ ಅಧ್ಯಕ್ಷರು "ಮುಂದಿನ ಮೀಟಿಂಗಲ್ಲಿ ನೋಡೋಣ" ಅಂದರು.

ವಕೀಲೆ: ಅಪ್ಪ ಮನೆಗೆ ಬಂದಿದ್ದಾರೆ ಅಂತ ಓದಿ ಸಮಾಧಾನ ಆಯಿತು. ಇದಕ್ಕೆ ನಿಧಾನವಾಗಿ ಬರೆಯುತ್ತೇನೆ. ಉಳಿದವರು ಕಾಯಬೇಕು.

ನಿಮ್ಮದು ಜಾಗದ ಜಗಳ ಅಲ್ಲ, ದಾರಿಯ ವಿಷಯ. ಜಾಗದ ಜಗಳದಲ್ಲಿ ಅದು ಯಾರದ್ದು ಅಂತ ಕಾಗದ ಹುಡುಕಬೇಕು. ಓಡುದಾರಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಅದು ಎಲ್ಲರದ್ದು, ಒಬ್ಬರು ನಿಲ್ಲಿಸುವ ಹಾಗೇ ಇಲ್ಲ. ಎತ್ತರದ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವಾಗ ಸುತ್ತ ಅಗ್ನಿಶಾಮಕ ವಾಹನ ಓಡಾಡಲು ಜಾಗ ಬಿಡಿಸುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಅಳತೆ 6 ಮೀಟರ್. ದೊಡ್ಡ ಅಗ್ನಿಶಾಮಕ ವಾಹನದ ಅಗಲವೇ ಎರಡೂವರೆ ಮೀಟರ್ ಹತ್ತಿರ ಬರುತ್ತದೆ. ಅದು ಸುಮ್ನೆ ಬಂದು ನಿಂತರೆ ಸಾಲದು. ಏಣಿ ಬಿಡಿಸಬೇಕು, ಪೈಪ್ ಎಳೆಯಬೇಕು, ಜನ ಅದರ ಪಕ್ಕ ಓಡಾಡಬೇಕು. ಆಂಬುಲೆನ್ಸೇ ಹೋಗದ ದಾರಿಯಲ್ಲಿ ಅದು ಖಂಡಿತ ಹೋಗುವುದಿಲ್ಲ. ಅಂದರೆ ಆ ಎರಡು ಕಾರು ನಿಮ್ಮ ಅಪ್ಪನಿಗೆ ಮಾತ್ರ ಅಲ್ಲ, ಇಡೀ ಕಟ್ಟಡಕ್ಕೆ ಅಡ್ಡ ನಿಂತಿವೆ. ಪತ್ರದಲ್ಲಿ ಇದನ್ನೇ ಬರೆಯಿರಿ.

ಇವತ್ತೇ ಮಾಡಬೇಕಾದದ್ದು ಸಿಸಿಟಿವಿ. ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲವೇ ವಾರಕ್ಕೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಹೋಗುತ್ತದೆ. ಮಂಗಳವಾರ ರಾತ್ರಿ 1.30ರಿಂದ 2.30ರವರೆಗಿನದ್ದನ್ನು ಉಳಿಸಿ ಕೊಡಿ ಅಂತ ಈ ರಾತ್ರಿಯೇ ಅಸೋಸಿಯೇಷನ್‌ಗೆ ಇಮೇಲ್ ಮಾಡಿ. ಸೆಕ್ಯೂರಿಟಿ ರಿಜಿಸ್ಟರಿನಲ್ಲಿ ಆಂಬುಲೆನ್ಸ್ ಬಂದ ಸಮಯ, ಆ ಅತಿಥಿಯ ಕಾರಿನ ನಮೂದು ಇರುತ್ತದೆ. ಆ ಪುಟದ ಫೋಟೋ ತೆಗೆದಿಡಿ. ನಿಮ್ಮ ಫೋನಿನಲ್ಲಿ 108ಕ್ಕೆ ಮಾಡಿದ ಕರೆಯ ದಾಖಲೆ ಅಳಿಸಬೇಡಿ.

ಆಮೇಲೆ ಮಂಜೂರಾದ ನಕ್ಷೆ ಮತ್ತು ಅಗ್ನಿಶಾಮಕ ಇಲಾಖೆ ಕೊಟ್ಟ ನಿರಾಕ್ಷೇಪಣಾ ಪತ್ರ ಎರಡನ್ನೂ ಕೇಳಿ. ಅಸೋಸಿಯೇಷನ್ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಿಬಿಎಂಪಿ ಹೆಸರಿಗೆ ಕಳಿಸಬೇಡಿ. 2025ರ ಸೆಪ್ಟೆಂಬರಿನಿಂದ ಅದರ ಬದಲು ಬೆಂಗಳೂರಿಗೆ ಐದು ನಗರ ಪಾಲಿಕೆಗಳಿವೆ, ನಿಮ್ಮ ಮನೆ ಯಾವುದಕ್ಕೆ ಸೇರುತ್ತದೋ ಅಲ್ಲಿಗೆ ಕಳಿಸಿ.

ನಂತರ ಆ ಕಾರಿನವರಿಗೂ ಅಸೋಸಿಯೇಷನ್‌ಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ, ಸ್ವೀಕೃತಿ ಸಹಿತ. ಅದರಲ್ಲಿ ಬೈಗುಳ ಬೇಡ. ದಿನಾಂಕ, ಸಮಯ, ಉಳಿದ ದಾರಿಯ ಅಗಲ, ಏಳು ದಿನದ ಗಡುವು, ಇಷ್ಟು ಸಾಕು. ಅದಕ್ಕೂ ಬಗ್ಗದಿದ್ದರೆ ಎರಡು ದಾರಿ ಇದೆ. ಒಂದು, ಠಾಣೆಯಲ್ಲಿ ದೂರು. ಹೋಗಲು ಹಕ್ಕಿರುವ ದಾರಿಯಲ್ಲಿ ಒಬ್ಬರನ್ನು ಬೇಕೆಂದೇ ತಡೆದರೆ ಅದು ನ್ಯಾಯ ಸಂಹಿತೆಯ 126ನೇ ಸೆಕ್ಷನ್. ಒಂದು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿ ಕಷ್ಟ ಇರುವುದು "ಬೇಕೆಂದೇ" ಅನ್ನುವುದನ್ನು ತೋರಿಸುವುದರಲ್ಲಿ. ಅದಕ್ಕೇ ಪತ್ರ ಮೊದಲು ಹೋಗಬೇಕು. ಪತ್ರ ಕೈಗೆ ಸಿಕ್ಕ ಮೇಲೂ ನಿಲ್ಲಿಸಿದರೆ "ಗೊತ್ತಿರಲಿಲ್ಲ" ಅನ್ನಲು ಆಗುವುದಿಲ್ಲ. ಎರಡು, ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ. ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಗೆ ಒಳಪಟ್ಟಿದ್ದರೆ, ಬೈಲಾ, ಅಂದರೆ ಅಸೋಸಿಯೇಷನ್‌ನ ನಿಯಮಾವಳಿ, ಮುರಿದವರ ಮೇಲೆ ಅಸೋಸಿಯೇಷನ್ ಮಾತ್ರ ಅಲ್ಲ, ತೊಂದರೆಗೆ ಒಳಗಾದ ಮಾಲೀಕರೇ ನೇರವಾಗಿ ಕೋರ್ಟಿಗೆ ಹೋಗಬಹುದು. ಅಧ್ಯಕ್ಷರ ಮೀಟಿಂಗಿಗೆ ಕಾಯಬೇಕಿಲ್ಲ.

ಒಂದು ಮಾತು ಕಾನೂನಿನ ಹೊರಗಿನದ್ದು. ಬೇಸ್‌ಮೆಂಟಿನಲ್ಲಿ ಅವರ ಜಾಗ ನಿಜಕ್ಕೂ ಕಿರಿದಾ ಅಂತ ಹೋಗಿ ನೋಡಿ. ಕಂಬದ ಪಕ್ಕದ ಜಾಗಗಳಲ್ಲಿ ಬಾಗಿಲು ತೆರೆಯಲು ಆಗದಿರುವುದನ್ನು ನಾನೇ ನೋಡಿದ್ದೇನೆ. ಹಾಗಿದ್ದರೆ ಸಣ್ಣ ಕಾರಿನವರ ಜೊತೆ ಜಾಗ ಅದಲುಬದಲು ಮಾಡಿಸಿ. ಲಿಖಿತವಾಗಿ ಮಾಡಿಸಿ. ನನ್ನ ಹತ್ತಿರ ಬಂದ ಒಂದು ಕೇಸು ಹೀಗೇ ಮುಗಿಯಿತು, ಕೋರ್ಟಿಗೆ ಹೋಗಲೇ ಇಲ್ಲ.

ಯಲಹಂಕ ಮಗಳು: ತುಂಬಾ ಥ್ಯಾಂಕ್ಸ್ ಮೇಡಂ. ಇಮೇಲ್ ಈಗಲೇ ಕಳಿಸುತ್ತೇನೆ. ಅಗಲ ಅಳೆದಿಲ್ಲ, ತಮ್ಮ ಟೇಪ್ ಹುಡುಕುತ್ತಿದ್ದಾನೆ.

ವಿಜಯನಗರ ಬಿ ಬ್ಲಾಕ್: ನಮ್ಮಲ್ಲಿ ಅಸೋಸಿಯೇಷನ್‌ನವರು ಚಕ್ರಕ್ಕೆ ಲಾಕ್ ಹಾಕಿ 2,000 ದಂಡ ಕೇಳುತ್ತಾರೆ. ಕೊಡದಿದ್ದರೆ ನೀರು ನಿಲ್ಲಿಸುತ್ತೇವೆ ಅಂತಾರೆ. ಸರಿನಾ?

ವಕೀಲೆ: ನೀರು, ಕರೆಂಟ್ ಮುಟ್ಟುವಂತಿಲ್ಲ. ದಂಡ ಬೈಲಾದಲ್ಲಿ ಇದ್ದು, ಸಾಮಾನ್ಯ ಸಭೆ ಒಪ್ಪಿದ್ದರೆ ಕೇಳಬಹುದು. ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ.

ರಾಜಾಜಿನಗರ ಖಜಾಂಚಿ: ಅಸೋಸಿಯೇಷನ್ ಬೈಯೋದು ಸುಲಭ ಮೇಡಂ. ಸಂಬಳ ಇಲ್ಲದ ಕೆಲಸ. ಲಾಕ್ ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು. ನಮ್ಮಲ್ಲಿ 48 ಫ್ಲ್ಯಾಟ್, 71 ಕಾರು. ಎಲ್ಲಿ ನಿಲ್ಲಿಸೋದು ಹೇಳಿ? ಜಾಸ್ತಿ ತೊಂದರೆ ಬಾಡಿಗೆದಾರರದ್ದು. ಅವರಿಗೆ ನಿಯಮ ಗೊತ್ತಿರಲ್ಲ, ಗೊತ್ತಿದ್ದರೂ ಕೇಳಲ್ಲ.

ಬಾಡಿಗೆ ಮನೆ ಮಾರತ್ತಹಳ್ಳಿ: ಖಜಾಂಚಿಯವರೇ, ನಾನು ಬಾಡಿಗೆದಾರ. ಒಂದೇ ಕಾರು, ನನ್ನ ಗೆರೆಯೊಳಗೇ ನಿಲ್ಲಿಸುತ್ತೇನೆ. ಮೂರು ಕಾರು ಇಟ್ಟುಕೊಂಡು ಅತಿಥಿಗಳ ಜಾಗ ಹಿಡಿದವರು ನಮ್ಮಲ್ಲಿ ಮಾಲೀಕರೇ.

ರಾಜಾಜಿನಗರ ಖಜಾಂಚಿ: ಮಾಲೀಕರು ಕೋಟಿ ಕೊಟ್ಟು ಕೊಂಡಿರುತ್ತಾರೆ.

ಬಾಡಿಗೆ ಮನೆ ಮಾರತ್ತಹಳ್ಳಿ: ಫ್ಲ್ಯಾಟಿಗೆ ಕೊಟ್ಟಿದ್ದಾರೆ, ಓಡುದಾರಿಗೆ ಕೊಟ್ಟಿಲ್ಲ. ಮೇಲೆ ಆ ಹುಡುಗಿ ಬರೆದದ್ದು ಓದಿದ್ರಾ?

ರಾಜಾಜಿನಗರ ಖಜಾಂಚಿ: ಓದಿದೆ. ನನಗೆ ಪಾಠ ಬೇಡ.

ನೀಲಿ ಸ್ಕೂಟಿ: ಇಬ್ಬರೂ ಸ್ವಲ್ಪ ನಿಲ್ಲಿಸಿ, ನಮ್ಮ ಪ್ರಶ್ನೆ ಕೆಳಗೆ ಹೋಗ್ತಿದೆ. ನಮ್ಮ ಜಾಗದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜರ್ ಹಾಕಿಸಬಹುದಾ?

ಹೆಬ್ಬಾಳ 7ನೇ ಮಹಡಿ: ಮೇಡಂ, ಬಿಲ್ಡರ್ ನನಗೆ ಸ್ಟಿಲ್ಟ್‌ನಲ್ಲಿ (ಕಟ್ಟಡದ ಕೆಳಗೆ ಕಂಬಗಳ ನಡುವಿನ ಜಾಗ) ಎರಡನೇ ಪಾರ್ಕಿಂಗ್ ಬೇರೆಯಾಗಿ 3 ಲಕ್ಷಕ್ಕೆ ಮಾರಿದ್ದಾನೆ, ರಸೀದಿ ಇದೆ. ಈಗ ಅದೇ ನಂಬರಿನ ಜಾಗ ಇನ್ನೊಬ್ಬರ ಕಾಗದದಲ್ಲೂ ಇದೆ.

ವಕೀಲೆ: ಇದು ನಾನು ಮತ್ತೆ ಮತ್ತೆ ನೋಡುವ ಮೋಸ. 2010ರಲ್ಲಿ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಸ್ಟಿಲ್ಟ್ ಪಾರ್ಕಿಂಗನ್ನು ಫ್ಲ್ಯಾಟಿನಿಂದ ಬಿಡಿಸಿ ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ. ಅದು ಮಹಾರಾಷ್ಟ್ರದ ಕಾಯಿದೆಯ ಮೇಲೆ ಬಂದ ತೀರ್ಪು. ನಮ್ಮ 1972ರ ಕಾಯಿದೆಯೂ ಪಾರ್ಕಿಂಗ್ ಪ್ರದೇಶವನ್ನು ಸಾಮಾನ್ಯ ಪ್ರದೇಶಗಳ, ಅಂದರೆ ಎಲ್ಲ ಮಾಲೀಕರಿಗೂ ಸೇರಿದ ಜಾಗಗಳ, ಪಟ್ಟಿಯಲ್ಲೇ ಇಟ್ಟಿದೆ, ಕಟ್ಟಡವನ್ನು ಆ ಕಾಯಿದೆಗೆ ಒಳಪಡಿಸಲು ನೋಂದಾಯಿಸುವ ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ (ರೇರಾ) ತೆರೆದ ಪಾರ್ಕಿಂಗನ್ನು ಸ್ಪಷ್ಟವಾಗಿಯೇ ಸಾಮಾನ್ಯ ಪ್ರದೇಶಕ್ಕೆ ಸೇರಿಸಿದೆ. ಹಾಗಾಗಿ ರಸೀದಿ ಇದೆ ಅಂದ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ. ಆದರೆ ಕೊಟ್ಟ ಹಣ ಕೇಳಲು ಅದೇ ಸಾಕ್ಷಿ, ಜೋಪಾನ. ಘೋಷಣಾ ಪತ್ರದ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿ. ಇನ್ನೊಬ್ಬ ಕೊಂಡವರ ಜೊತೆ ಜಗಳ ಆಡಬೇಡಿ. ಇಬ್ಬರೂ ಸೇರಿ ಬಿಲ್ಡರ್ ಮೇಲೆ ಹೋಗಿ.

ದುಬೈ ಕನ್ನಡಿಗ: ನನ್ನ ಫ್ಲ್ಯಾಟ್ ಖಾಲಿ ಇದೆ. ವಾಚ್‌ಮನ್ ನನ್ನ ಜಾಗವನ್ನು ಹೊರಗಿನವರಿಗೆ ತಿಂಗಳಿಗೆ ಬಾಡಿಗೆ ಕೊಟ್ಟಿದ್ದಾನೆ ಅಂತ ಗೊತ್ತಾಯಿತು.

ವಕೀಲೆ: ಅಸೋಸಿಯೇಷನ್‌ಗೆ ಇಮೇಲ್ ಮಾಡಿ. ಇಲ್ಲಿ ನಂಬುವ ಒಬ್ಬರಿಗೆ ಅಧಿಕಾರ ಪತ್ರ ಕೊಡಿ.

ಬಸವನಗುಡಿ ಹಿರಿಯರು: ಇಷ್ಟೆಲ್ಲ ಯಾಕೆ? ಒಂದು ಅಮಾವಾಸ್ಯೆ ದಿನ ಆ ಕಾರಿನ ಬಾನೆಟ್ ಮೇಲೆ ನಿಂಬೆಹಣ್ಣು, ಕುಂಕುಮ ಇಟ್ಟು ಬನ್ನಿ. ಮಾರನೇ ದಿನದಿಂದ ನಿಲ್ಲಿಸಲ್ಲ. ನಮ್ಮ ಇನ್ನೊಂದು ಗುಂಪಲ್ಲಿ ಬಂದಿತ್ತು.

ವಕೀಲೆ: ದಯವಿಟ್ಟು ಬೇಡ. ಆ ಮನೆಯಲ್ಲಿ ಹೆದರುವವರು ಬಸುರಿಯರೋ ಮಕ್ಕಳೋ ಇರಬಹುದು. ಕ್ಯಾಮೆರಾದಲ್ಲಿ ನೀವು ಸಿಗುತ್ತೀರಿ. ಗಾಳಿ ಬಿಡುವುದು ಆಯಿತು, ಈಗ ಇದು. ಫಾರ್ವರ್ಡ್ ಓದಿ ಏನೋ ಮಾಡಿಬಿಟ್ಟವರು ನಂತರ ನನ್ನ ಹತ್ತಿರವೇ ಜಾಮೀನಿಗೆ ಬರುತ್ತಾರೆ. ಇನ್ನು ಮುಂದೆ ಫಾರ್ವರ್ಡ್ ಹಾಕಿದರೆ ಉತ್ತರಿಸುವುದಿಲ್ಲ.

ಕೆಂಗೇರಿ ನಿವಾಸಿ: ಮೇಡಂ, ನಮ್ಮ ಜಾಗದಲ್ಲಿ ಬೇರೆಯವರು ಕಾರು ನಿಲ್ಲಿಸುತ್ತಾರೆ, ಉತ್ತರ ಬರಲಿಲ್ಲ.

ವಕೀಲೆ: ಬಂದಿದೆ. ಮೇಲೆ ಹೋಗಿ ಓದಿ.

ಕೆಂಗೇರಿ ನಿವಾಸಿ: ಅಷ್ಟು ಮೇಲೆ ಯಾರು ಹೋಗ್ತಾರೆ. ಒಂದು ಸಾಲಲ್ಲಿ ಹೇಳಿದರೆ ಏನಾಗುತ್ತೆ?

ಬಾಡಿಗೆ ಮನೆ ಮಾರತ್ತಹಳ್ಳಿ: ಸ್ವಾಮಿ, ಅವರು ಭಾನುವಾರ ಬಿಟ್ಟಿ ಕೂತು ಬರೆಯುತ್ತಿದ್ದಾರೆ.

ರಾಜಾಜಿನಗರ ಖಜಾಂಚಿ: ಈ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ತೀನಿ.

ಮೈಸೂರು ಕುವೆಂಪುನಗರ: ನಾಲ್ಕು ವರ್ಷದಿಂದ ಧೂಳು ಹಿಡಿದ ಒಂದು ಕಾರು ನಮ್ಮ ಬೇಸ್‌ಮೆಂಟಿನಲ್ಲಿದೆ. ಟೈರ್ ಕೂತಿದೆ, ಬಾನೆಟ್ಟಿನೊಳಗೆ ಬೆಕ್ಕು ಮರಿ ಹಾಕಿದೆ. ಮಾಲೀಕರು ಫ್ಲ್ಯಾಟ್ ಮಾರಿ ಹೋಗಿದ್ದಾರೆ. ಗುಜರಿಗೆ ಹಾಕಬಹುದಾ?

ವಕೀಲೆ: ನೀವಾಗಿ ಹಾಕುವಂತಿಲ್ಲ. ಕಾರು ಇನ್ನೂ ಅವರ ಹೆಸರಿನಲ್ಲೇ ಇರುತ್ತದೆ. ನಂಬರ್, ಚಾಸಿಸ್ ನಂಬರ್ ಬರೆದು ಠಾಣೆಗೆ ಪತ್ರ ಕೊಡಿ. ಕದ್ದ ಕಾರು ಆಗಿರಲೂಬಹುದು, ಅದನ್ನು ಅವರು ನೋಡಲಿ. ಫ್ಲ್ಯಾಟ್ ಮಾರಿದ ಕ್ರಯಪತ್ರದಲ್ಲಿ ವಿಳಾಸ ಇರುತ್ತದೆ, ಅಲ್ಲಿಗೆ ನೋಟಿಸ್ ಕಳಿಸಿ. ಮರಿಗಳು ಹೊರಗೆ ಬಂದ ಮೇಲೆಯೇ ಕಾರು ಅಲುಗಾಡಿಸಿ.

ನೀಲಿ ಸ್ಕೂಟಿ: ಚಾರ್ಜರ್ ಪ್ರಶ್ನೆ ಮೇಡಂ?

ರಾಜಾಜಿನಗರ ಖಜಾಂಚಿ: ನಮ್ಮಲ್ಲಿ ಚಾರ್ಜರ್‌ಗೆ ಬಿಡಲ್ಲ. ಬೆಂಕಿ ಹತ್ತಿದರೆ ಯಾರು ಜವಾಬ್ದಾರಿ?

ನೀಲಿ ಸ್ಕೂಟಿ: ನಿಮ್ಮನ್ನು ಕೇಳಿಲ್ಲ.

ಗುಂಪಿನ ನಿರ್ವಾಹಕರು: ದಯವಿಟ್ಟು. ಜಗಳ ಬೇಡ.

ಯಲಹಂಕ ಮಗಳು: ಮೇಡಂ, ಅಳೆದೆವು. ಗೇಟಿನ ಹತ್ತಿರ ಓಡುದಾರಿ 6 ಮೀಟರ್ 10 ಸೆಂಟಿಮೀಟರ್ ಇದೆ. ಈಗ ಎಡಗಡೆಯ ಕಾರು ನಿಂತಿದೆ, ಉಳಿದದ್ದು 4 ಮೀಟರ್ 5 ಸೆಂಟಿಮೀಟರ್. ಬಲಗಡೆಯೂ ನಿಂತರೆ 2 ಮೀಟರ್ ಸುತ್ತಮುತ್ತ. ಟೇಪ್ ಹಿಡಿದು ಫೋಟೋ ತೆಗೆದಿದ್ದೇವೆ. ಅಳೆಯುವಾಗ ಆ ಕಾರಿನವರೇ ಕೆಳಗೆ ಬಂದರು. ಏನೂ ಮಾತಾಡಲಿಲ್ಲ, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಕಾರು ಮಾತ್ರ ತೆಗೆದಿಲ್ಲ.

ವಕೀಲೆ: ಆ ಮೂರೂ ಅಳತೆ ಪತ್ರದಲ್ಲಿ ಬರೆಯಿರಿ. ಪತ್ರ ನಾಳೆ ಬೆಳಿಗ್ಗೆಯೇ ಹೋಗಲಿ. ಅವರು ಟೇಪ್ ಹಿಡಿದರು ಅಂದರೆ ಮಾತಿಗೆ ಸಿಗುತ್ತಾರೆ. ಪತ್ರ ಹಾಕಿದ ಮೇಲೆ ಸಂಜೆ ನೀವೂ ತಮ್ಮನೂ ಅವರ ಜೊತೆ ಬೇಸ್‌ಮೆಂಟಿಗೆ ಇಳಿದು ಅವರ ಜಾಗವನ್ನೂ ಅದೇ ಟೇಪಿನಲ್ಲಿ ಅಳೆಯಿರಿ. ಏನಾಯಿತು ಅಂತ ನನಗೆ ಖಂಡಿತ ತಿಳಿಸಿ. ನಾನು ಈಗ ಹೊರಡುತ್ತೇನೆ, ನಾಳೆ ಬೆಳಿಗ್ಗೆ ಕೋರ್ಟಿದೆ.

ಕೆಂಗೇರಿ ನಿವಾಸಿ: ನನ್ನ ಪ್ರಶ್ನೆ?